ಕೈ ಅಡ್ಡ ಹಿಡಿದವರು

ನಮ್ಮ ಕಡೆ ಬಸ್ಸು ನಿಲ್ಲಲು ಸ್ಟ್ಯಾಂಡ್ ಬೇಕಿರಲಿಲ್ಲ. ಎಲ್ಲಿ ಕೈ ಅಡ್ಡ ಹಿಡಿದರೂ ಅದೇ ಸ್ಟಾಪು. ಅಜ್ಜಿ ಗದ್ದೆಯ ಆಚೆ ಬದಿಯಿಂದಲೇ ಕೊಡೆ ಎತ್ತಿದರೆ ಡ್ರೈವರು ಇಂಜಿನ್ ಆಫ್ ಮಾಡಿ ಬೀಡಿ ಹಚ್ಚುತ್ತಿದ್ದ. ಅಜ್ಜಿ ಸಂಕ ದಾಟಿ, ಕಾಲಿನ ಉಂಬಳ ಕಿತ್ತು ಬಿಸಾಡಿ, ಉಸ್ಸೆನ್ನುತ್ತಾ ಹತ್ತುವ ಹೊತ್ತಿಗೆ ಬೀಡಿಯೂ ಮುಗಿದಿರುತ್ತಿತ್ತು.

ಕೊಪ್ಪದ ಕಡೆಯವರಾದ ನಮಗೆ ಬಸ್ಸೆಂದರೆ ‘ಸಹಕಾರ’. 1991ರಲ್ಲಿ ಕೆಲಸಗಾರರೇ ಸೇರಿ ಕಟ್ಟಿಕೊಂಡ ಸಾರಿಗೆ ಸಂಘ ಅದು. ಡ್ರೈವರೂ ಮಾಲೀಕ, ಟಿಕೆಟ್ ಹರಿಯುವವನೂ ಮಾಲೀಕ. ಹಾಗೆಂದು ಮಾಲೀಕರ ಜೇಬಿನಲ್ಲಿ ಚಿಲ್ಲರೆ ಇರುತ್ತಿತ್ತು ಎಂದೇನಿಲ್ಲ. ಕಂಡಕ್ಟರು ಬಾಕಿಯನ್ನು ಟಿಕೆಟ್ಟಿನ ಬೆನ್ನಿಗೆ ಗೀಚಿ, ‘ಚಿಲ್ಲರೆ ಇಲ್ಲ, ಬರುವಾಗ ತಗೊ’ ಎನ್ನುತ್ತಿದ್ದ. ಅಂಥ ಎಷ್ಟೋ ಟಿಕೆಟ್ಟುಗಳು ನನ್ನ ಅಂಗಿಯ ಜೊತೆ ಒಗೆತಕ್ಕೆ ಹೋಗಿ ಮುದ್ದೆಯಾಗಿವೆ. 2020ರ ಫೆಬ್ರವರಿಯಲ್ಲಿ ಸಹಕಾರ ಬಸ್ಸುಗಳು ನಿಂತವು. ಲೆಕ್ಕ ಹಾಕಿದರೆ ನನಗಿನ್ನೂ ಎಂಟ್ಹತ್ತು ರೂಪಾಯಿ ಬರಬೇಕು.

ಇದೆಲ್ಲ ನೆನಪಾದದ್ದು ಮೊನ್ನೆ ಕುದುರೆಮುಖದ ದಾರಿಯಲ್ಲಿ. ಮಗನ ಹೊಸ ಕಾರು. ಕಳಸ ದಾಟಿದ ಮೇಲೆ ಅವನ ಮೊಬೈಲಿನ ಮ್ಯಾಪು ನಮ್ಮನ್ನು ಒಂದು ನೀಲಿ ಚುಕ್ಕಿ ಮಾಡಿ, ಸುತ್ತ ಬರೀ ಬಿಳಿ ತೋರಿಸಿ, ಸುಮ್ಮನಾಯಿತು. ಸಂಸೆಯ ಚಹಾ ತೋಟಗಳ ತಿರುವಿನಲ್ಲಿ ಸುಟ್ಟ ರಬ್ಬರಿನ ವಾಸನೆ. ‘ಕ್ಲಚ್ಚು’ ಎಂದ ಮಗ, ಯಾರೋ ತೀರಿಕೊಂಡ ದನಿಯಲ್ಲಿ. ಮೆಕ್ಯಾನಿಕ್ಕನ್ನು ಕಾಯುತ್ತಾ ಅವನು ಕೂತ. ನಾನು ರಸ್ತೆಗಿಳಿದು, ಎಷ್ಟೋ ವರ್ಷದ ಮೇಲೆ, ಕೈ ಅಡ್ಡ ಹಿಡಿದೆ.

ಐದು ಕಾರುಗಳು ನನ್ನನ್ನು ಮೈಲಿಗಲ್ಲಿನಂತೆ ನೋಡಿಕೊಂಡು ಹೋದವು. ಆರನೆಯದು ಪಿಕಪ್ಪು. ‘ಎಲ್ಲಿಗೆ ಮಾರಾಯ್ರೆ? ಮುಂದೆ ಜಾಗ ಇಲ್ಲ, ಹಿಂದೆ ಹತ್ತಿ.’ ಎರಡು ಗ್ಯಾಸ್ ಸಿಲಿಂಡರ್, ಹಿಂಡಿ ಚೀಲ, ಒಂದು ಬಾಳೆಗೊನೆ, ಮತ್ತು ನಾನು. ಹಿಂದೆ ಮುಖ ಮಾಡಿ ಕೂತವನಿಗೆ ದಾರಿ ಎದುರಿಗೆ ಬರುವುದಿಲ್ಲ, ಬಿಟ್ಟು ಹೋಗುತ್ತದೆ. ಪ್ರತಿ ತಿರುವಿನಲ್ಲೂ ಸಿಲಿಂಡರುಗಳು ನನ್ನ ಮೊಣಕಾಲಿನ ಯೋಗಕ್ಷೇಮ ವಿಚಾರಿಸುತ್ತಿದ್ದವು. ಮಂಜು ಒಂದು ಗಳಿಗೆ ಸರಿದಾಗ ಹಸಿರು ಹುಲ್ಲಿನ ಬೋಳುಗುಡ್ಡಗಳು, ಅವುಗಳ ಮಡಿಕೆಯಲ್ಲಿ ಕಪ್ಪು ಶೋಲಾ ಕಾಡು. ಕಾರಿನ ಗಾಜಿನೊಳಗಿಂದ ಇಷ್ಟು ಆಕಾಶ ಕಾಣುವುದಿಲ್ಲ.

ಈ ಬೆಟ್ಟ ಏರಲು ನಾವು ಇಷ್ಟು ಪಾಡು ಪಡುತ್ತೇವೆ. ಒಂದು ಕಾಲದಲ್ಲಿ ಬೆಟ್ಟವೇ ಇಳಿದು ಹೋಗುತ್ತಿತ್ತು. ಇಲ್ಲಿ ಕಬ್ಬಿಣದ ಅದಿರಿದೆಯೆಂದು ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ ಗುರುತಿಸಿದ್ದು 1913ರ ಸುಮಾರಿಗೆ. 1975ರಲ್ಲಿ ಇರಾನಿನ ಶಾ ದುಡ್ಡು ಕೊಡುತ್ತೇನೆ, ಅದಿರನ್ನೂ ಕೊಳ್ಳುತ್ತೇನೆ ಎಂದ. ಮರುವರ್ಷ ಗಣಿ ಕಂಪನಿ ಹುಟ್ಟಿತು. ಕಾಡಿನ ನಡುವೆ ಊರು ಎದ್ದಿತು. ಅಷ್ಟರಲ್ಲಿ 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ, ಬರುತ್ತೇನೆಂದ ಬಸ್ಸು ಅರ್ಧ ದಾರಿಯಲ್ಲೇ ಕೆಟ್ಟಿತು. ಆದರೂ ಗಣಿ ನಿಲ್ಲಲಿಲ್ಲ. ಬೆಟ್ಟ ಪುಡಿಯಾಗಿ, ನೀರಿನಲ್ಲಿ ಕಲಸಿಕೊಂಡು, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟ ಇಳಿದು ಪಣಂಬೂರಿನ ಕಡಲಂಚು ಸೇರುತ್ತಿತ್ತು. ಟಿಕೆಟ್ಟಿಲ್ಲದೆ, ವಾಂತಿ ಮಾಡದೆ ಆ ಘಟ್ಟ ಇಳಿದ ಪ್ರಯಾಣಿಕ ಅದೊಂದೇ ಇರಬೇಕು.

ಅದಕ್ಕೂ ಯಾರೋ ಕೈ ಅಡ್ಡ ಹಿಡಿಯಬೇಕಾಯಿತು. ಮೊದಲು ಹಿಡಿದದ್ದು ಸಿಂಗಳೀಕ. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಎಂಬತ್ತರ ದಶಕದ ಆರಂಭದಲ್ಲಿ ಈ ಕಾಡುಗಳಲ್ಲಿ ಅದನ್ನು ಹುಡುಕಿಕೊಂಡು ತಿರುಗಿದರು. 1987ರಲ್ಲಿ ಈ ಕಾಡು ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾಯಿತು. ಆಮೇಲೆ, ನಾಗರಹೊಳೆಯಲ್ಲಿ ಅರಣ್ಯಾಧಿಕಾರಿಯಾಗಿದ್ದ ಕೆ.ಎಂ. ಚಿಣ್ಣಪ್ಪನವರು ಗಣಿಯ ವಿರುದ್ಧ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. 2002ರಲ್ಲಿ ತೀರ್ಪು ಬಂತು. 2005ರ ಕೊನೆಗೆ ಗಣಿ ನಿಂತಿತು. ಭದ್ರೆಗೆ ಇನ್ನು ಕೆಂಪು ಹೂಳಿನ ಹೊರೆ ಕಮ್ಮಿ ಎಂದು ಕೆಳಗಿನವರು ಸಮಾಧಾನಪಟ್ಟರು, ಕೆಲಸ ಕಳಕೊಂಡವರು ಗಂಟುಮೂಟೆ ಕಟ್ಟಿದರು.

ಬಾಳೆಗಲ್ಲಿನಲ್ಲಿ ಪಿಕಪ್ಪು ನನ್ನನ್ನು ಇಳಿಸಿತು. ಅಲ್ಲಿಂದ ಮುಳ್ಳೋಡಿಗೆ ಜೀಪೇ ಗತಿ. ಮುಂದೆ ಶಿಖರಕ್ಕೆ ಕಾಲೇ ಗತಿ. ಜೀಪಿನ ಹುಡುಗ ಕೇಳಿದ: ‘ಚಾರಣಕ್ಕೆ ಬುಕಿಂಗ್ ಆಗಿದೆಯಾ ಸಾರ್?’ ಆಗಿರಲಿಲ್ಲ. ಅಂಗಡಿಯಲ್ಲಿ ಚಹಾ ಕುಡಿದು, ಮಂಜಿನಲ್ಲಿ ಕುದುರೆಯ ಮುಖ ಇರಬೇಕಾದ ದಿಕ್ಕಿಗೊಮ್ಮೆ ನೋಡಿ, ಅಂಗಡಿಯವರ ಫೋನಿನಿಂದ ಮಗನಿಗೆ ಹೇಳಿದೆ. ಕ್ಲಚ್ಚು ಆರಿ ತಣ್ಣಗಾಗಿತ್ತಂತೆ, ಬಂದ.

ವಾಪಸಾಗುವಾಗ ಸಂಸೆಯ ಈಚೆಗೆ, ಕೈಚೀಲ ಹಿಡಿದ ಹೆಂಗಸೊಬ್ಬರು ಕೈ ಅಡ್ಡ ಹಿಡಿದರು. ಮಗನ ಕಾಲು ವೇಗ ಹೆಚ್ಚಿಸಲು ಹೋದದ್ದು ನನಗೆ ಗೊತ್ತಾಯಿತು.

‘ನಿಲ್ಸೋ’ ಎಂದೆ.

ಅವರು ಕಳಸದವರೆಗೂ ಸೀಟಿನ ತುದಿಯಲ್ಲೇ ಕೂತಿದ್ದರು, ಹೊಸ ಕಾರು ಕೊಳೆಯಾದೀತೆಂದು. ಇಳಿಯುವಾಗ ಸೆರಗಿನ ಗಂಟು ಬಿಚ್ಚಿ ಐವತ್ತರ ನೋಟು ಚಾಚಿದರು.

‘ಚಿಲ್ಲರೆ ಇಲ್ಲ ಅಮ್ಮ,’ ಎಂದೆ, ‘ಬರುವಾಗ ಕೊಡಿ.’