ಮೂಲೆ, ಅಂಚು, ಅಂಕ

1
ಅಮೆರಿಕದಲ್ಲಿ ಹಳೆಯ ಬೇಸ್‌ಬಾಲ್ ಕಾರ್ಡುಗಳ ಸಂತೆ. ಹಿರಿಯರೊಬ್ಬರು ಕಾರ್ಡೊಂದನ್ನು ದೀಪದ ಕೆಳಗೆ ಓರೆಯಾಗಿ ಹಿಡಿದರು. ಕಣ್ಣಿಗೆ ಭೂತಗನ್ನಡಿ. ಆಟಗಾರನ ಮುಖ ನೋಡಲಿಲ್ಲ. ನಾಲ್ಕು ಮೂಲೆ ನೋಡಿದರು.

2
ಆಮೇಲೆ ಸ್ಕೇಲು. ಚಿತ್ರದ ಎಡಕ್ಕೆ ಎಷ್ಟು ಬಿಳಿ, ಬಲಕ್ಕೆ ಎಷ್ಟು ಬಿಳಿ. ಮತ್ತೆ ಇಡೀ ಕಾರ್ಡಿನ ಅಳತೆ. 1952ರ ಟಾಪ್ಸ್ ಕಂಪನಿಯ ಕಾರ್ಡು 2⅝ ಇಂಚು ಅಗಲ, 3¾ ಇಂಚು ಉದ್ದ. ಕಡಿಮೆ ಬಂದರೆ ಯಾರೋ ಅಂಚು ಕತ್ತರಿಸಿದ್ದಾರೆ ಎಂದು ಅನುಮಾನ. ಕತ್ತರಿಸಿದ್ದಕ್ಕೆ ಗ್ರೇಡಿಂಗ್ ಕಂಪನಿಗಳು ಅಂಕ ಕೊಡುವುದಿಲ್ಲ. ಹಳೆಯ ಕಾರ್ಡಿನ ಅಂಚು ತೀರಾ ನೆಟ್ಟಗಿದ್ದರೂ ಅನುಮಾನವೇ.

3
ಕಾರ್ಡಿನ ಸ್ಥಿತಿಗೆ ಅಂಕ 1ರಿಂದ 10.

4
ಹಿಂಬದಿಯಲ್ಲಿ ಕಲೆ. ಪೊಟ್ಟಣದ ಮೇಣದ್ದೋ, ಕಾರ್ಡಿನ ಜೊತೆ ಒಳಗಿದ್ದ ಬಬಲ್‌ಗಮ್ಮಿನದೋ. ಅದಕ್ಕೂ ಅಂಕ ಕಡಿತ.

5
ಹುಡುಗರು ಬಟ್ಟೆ ಕ್ಲಿಪ್ಪಿನಿಂದ ಕಾರ್ಡನ್ನು ಸೈಕಲ್ಲಿಗೆ ಸಿಕ್ಕಿಸುತ್ತಿದ್ದರು. ಚಕ್ರದ ಕಡ್ಡಿಗೆ ಬಡಿದು ಟರ್ರ್ ಎನ್ನುತ್ತಿತ್ತು. ನೆಚ್ಚಿನ ಆಟಗಾರನನ್ನು ಸಿಕ್ಕಿಸುತ್ತಿದ್ದರೋ, ಬೇಡದವನನ್ನೋ?

6
1952ರ ಕಾರ್ಡುಗಳಲ್ಲಿ ಮಾರಾಟವಾಗದೆ ಉಳಿದವನ್ನು 1960ರಲ್ಲಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿದ್ದಾಗಿ ಸೈ ಬರ್ಗರ್ ಹೇಳಿಕೊಂಡಿದ್ದಾನೆ. ಆ ಕಾರ್ಡುಗಳನ್ನು ರೂಪಿಸಿದವರಲ್ಲಿ ಅವನೂ ಒಬ್ಬ.
ಅದೇ ಸಾಲಿನ 311ನೇ ಕಾರ್ಡು ಮಿಕಿ ಮ್ಯಾಂಟಲ್‌ನದು. 9.5 ಅಂಕದ ಒಂದು ಪ್ರತಿ 2022ರಲ್ಲಿ 1.26 ಕೋಟಿ ಡಾಲರಿಗೆ ಹೋಯಿತು.

7
ಹಿರಿಯರು ಲಕೋಟೆಯ ಬೆನ್ನಿನ ಮೇಲೆ ಲೆಕ್ಕ ಹಾಕಿದರು. ಗ್ರೇಡಿಂಗ್ ಶುಲ್ಕ, ಅಂಚೆ, ವಿಮೆ ಒಂದು ಕಡೆ. ಹಾಗೇ ಮಾರಿದರೆ ಎಷ್ಟು, 7 ಬಂದರೆ ಎಷ್ಟು, 6 ಬಂದರೆ ಎಷ್ಟು, ಇನ್ನೊಂದು ಕಡೆ. 5ರ ಸಾಲು ಬರೆಯಲಿಲ್ಲ. ನನ್ನ ಕಣ್ಣಿಗೆ ಅದು 5ರ ಕಾರ್ಡೇ.

8
ಕಾರ್ಡಿನ ಬೆಲೆ ಏರಿದರೆ ಶುಲ್ಕವೂ ಏರುತ್ತದೆ. ಮೂಲೆ ನಾಲ್ಕೇ.

9
ಅಂಕ ಒಪ್ಪಿಗೆಯಾಗದವರು ಕಾರ್ಡು ಬಂದ ಪ್ಲಾಸ್ಟಿಕ್ ಕವಚ ಒಡೆದು ಮತ್ತೆ ಗ್ರೇಡಿಂಗಿಗೆ ಕಳಿಸುತ್ತಾರೆ. ಕೆಲವು ಸಲ ಹೆಚ್ಚು ಬರುತ್ತದೆ. ಕೆಲವು ಸಲ ಕಡಿಮೆ.

10
ಗ್ರೇಡಿಂಗ್ ಮಾಡುವ ಪಿಎಸ್‌ಎ ಶುರುವಾದದ್ದು 1991ರಲ್ಲಿ. ಅದು ಅಂಕ ಹಾಕಿದ ಮೊದಲ ಕಾರ್ಡು ಹೋನಸ್ ವ್ಯಾಗ್ನರ್‌ನದು. ಬಬಲ್‌ಗಮ್ಮಿನದಲ್ಲ, 1909ರ ಹೊತ್ತಿನ ಸಿಗರೇಟು ಪೊಟ್ಟಣದ್ದು. ಆಗ ಅದರ ಒಡೆಯರಲ್ಲಿ ಒಬ್ಬ ಐಸ್ ಹಾಕಿಯ ವೇಯ್ನ್ ಗ್ರೆಟ್ಸ್ಕಿ. ಮೂಲೆ ಚೂಪು, ಅಂಚು ನೇರ. 8 ಅಂಕ ಬಂತು. 2007ರಲ್ಲಿ 28 ಲಕ್ಷ ಡಾಲರ್.
ಅದರ ಅಂಚು ಕತ್ತರಿಸಿದ್ದು ತಾನೇ ಎಂದು, ಹಿಂದೆ ಅದನ್ನು ಕೊಂಡು ಮಾರಿದ್ದ ಬಿಲ್ ಮಾಸ್ಟ್ರೊ 2013ರಲ್ಲಿ ನ್ಯಾಯಾಲಯದಲ್ಲಿ ಒಪ್ಪಿಕೊಂಡ.