ಹಳೆಯ ಕಾರಿಗೆ ಹೊಸ ಟೈರು

ಮನೆ ಕಟ್ಟಿಸಿದವನು ಬಂದವರಿಗೆಲ್ಲ ಬಾಗಿಲ ಕೆತ್ತನೆಯನ್ನು ತೋರಿಸುತ್ತಾನೆ. ತಳಪಾಯವನ್ನು ಯಾರಿಗೂ ತೋರಿಸುವುದಿಲ್ಲ. ಕಾರಿನ ಒಡೆಯನ ಸ್ವಭಾವವೂ ಇಂಥದೇ. ಹೊರಗಿನ ಬಣ್ಣ, ಒಳಗಿನ ಮರದ ಹೊಳಪು, ಮೂತಿಯ ಮೇಲೆ ನಿಂತ ನಕ್ಷತ್ರ, ಇವುಗಳ ಮೇಲೆ ಅವನ ಕಣ್ಣು ದಿನಕ್ಕೆರಡು ಸಲವಾದರೂ ಹರಿಯುತ್ತದೆ. ಆದರೆ ಅಷ್ಟು ದೊಡ್ಡ ವಾಹನಕ್ಕೂ ಭೂಮಿಗೂ ಇರುವ ಸಂಬಂಧವೆಲ್ಲ ನಾಲ್ಕು ಅಂಗೈಯಗಲದ ರಬ್ಬರಿನಲ್ಲಿದೆ ಎಂಬುದು ಅವನ ನೆನಪಿಗೆ ಬರುವುದು ಅಪರೂಪ. ಬರುವ ಹೊತ್ತಿಗೆ ಎಷ್ಟೋ ವೇಳೆ ಕಾಲ ಮೀರಿರುತ್ತದೆ. ತೀರ್ಥಹಳ್ಳಿಯ ವೃದ್ಧ ವೈದ್ಯರೊಬ್ಬರಿಗೆ ಅದು ಕಾಲ ಮೀರುವುದಕ್ಕೆ ತುಸು ಮುಂಚೆಯೇ ನೆನಪಿಗೆ ಬಂದಿತು.

ಡಾಕ್ಟರು ತಮ್ಮ ಕಾರನ್ನು ಕೊಂಡದ್ದು ೧೯೯೬ರಲ್ಲಿ. ಮರ್ಸಿಡಿಸ್ ಬೆನ್ಸ್ ಕಾರುಗಳನ್ನು ಪುಣೆಯಲ್ಲಿ ಜೋಡಿಸುವ ಕೆಲಸ ಆರಂಭವಾಗಿ ಆಗ ಒಂದು ವರ್ಷವಾಗಿತ್ತು. ಕಾರ್ಖಾನೆಯವರು ಡಬ್ಲ್ಯು ೧೨೪ ಎಂದು ಕರೆಯುವ ಮಾದರಿ ಅದು. ಜರ್ಮನಿಯಲ್ಲಿ ೧೯೮೪ರಲ್ಲಿ ಮೊದಲು ಹೊರಬಂದದ್ದು. ಅಷ್ಟಗಲದ ಮುಂಗಾಜಿಗೆ ಒಂದೇ ಒಂದು ವೈಪರು. ಅದು ಮಲೆನಾಡಿನ ಮಳೆಯಲ್ಲಿ ಅತ್ತಿಂದಿತ್ತ ಬೀಸುವುದನ್ನು ನೋಡಲು ಆಗ ಮಕ್ಕಳು ಅಂಗಡಿಬೀದಿಯಲ್ಲಿ ನಿಲ್ಲುತ್ತಿದ್ದರು. ಈಗ ಯಾರೂ ನಿಲ್ಲುವುದಿಲ್ಲ. ಕಾರಿಗೂ ವಯಸ್ಸಾಯಿತು, ಡಾಕ್ಟರಿಗೂ ವಯಸ್ಸಾಯಿತು. ಔಷಧಾಲಯವನ್ನು ಮುಚ್ಚಿದ ಮೇಲೆ ಕಾರಿಗೆ ಉಳಿದ ಕೆಲಸ ಒಂದೇ: ಹೃದಯದ ತೊಂದರೆಯಿದ್ದ ಅವರ ಪತ್ನಿಯನ್ನು ಮೂರು ತಿಂಗಳಿಗೊಮ್ಮೆ ಆಗುಂಬೆಯ ಘಾಟಿಯಿಳಿಸಿ ಮಣಿಪಾಲಕ್ಕೆ ಕರೆದುಕೊಂಡು ಹೋಗುವುದು, ಸಂಜೆಗೆ ಮರಳಿ ಘಾಟಿಯೇರಿಸುವುದು. ಮಿಕ್ಕ ದಿನಗಳಲ್ಲಿ ಅದು ಹಿತ್ತಿಲ ಶೆಡ್ಡಿನಲ್ಲಿ ನಿಂತಿರುತ್ತಿತ್ತು.

೨೦೨೩ರ ಜುಲೈ ತಿಂಗಳಿನಲ್ಲಿ, ಪುನರ್ವಸು ಮಳೆ ಬಲವಾಗಿ ಹಿಡಿದಿದ್ದಾಗ, ಹೀಗೆಯೇ ಒಂದು ಪ್ರಯಾಣ ಒದಗಿತು. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ದಾರಿಯಲ್ಲಿ ಹದಿನಾಲ್ಕು ಕಡಿದಾದ ತಿರುವುಗಳುಂಟು. ಅವುಗಳಲ್ಲೊಂದರ ಬಳಿ ಡಾಕ್ಟರು ಎಂದಿನಂತೆ ಮೆಲ್ಲನೆ ಬ್ರೇಕು ಒತ್ತಿದರು. ಮುಂಭಾಗ ಹೇಳಿದಂತೆ ಕೇಳಿತು, ಹಿಂಭಾಗ ಕೇಳಲಿಲ್ಲ. ಒಂದು ಮಾರಿನಷ್ಟು ತಡೆಗೋಡೆಯ ಕಡೆಗೆ ಜಾರಿ, ಏನೋ ನೆನಸಿಕೊಂಡಂತೆ ಮತ್ತೆ ಸರಿಯಾಯಿತು. ಹಿಂದಿನ ಸೀಟಿನಲ್ಲಿ ಕಣ್ಣುಮುಚ್ಚಿ ಒರಗಿದ್ದ ಪತ್ನಿ ಕಣ್ಣು ತೆರೆದು, “ನೀರಿನ ಬಾಟಲು ಉರುಳಿತೇನೋ, ನೋಡಿ” ಎಂದರು. ಉರುಳಿದ್ದು ಬಾಟಲೇ ಎಂದು ಡಾಕ್ಟರು ಹೇಳಿದರು. ಕೆಳಗಿಳಿಯುವವರೆಗೆ ಅವರ ಕೈ ನಡುಗುತ್ತಿದ್ದುದು ಅವರಿಗೊಬ್ಬರಿಗೇ ಗೊತ್ತು.

ಮನೆಗೆ ಬಂದು ಟೈರುಗಳನ್ನು ಬಗ್ಗಿ ನೋಡಿದರು. ಅವುಗಳಲ್ಲಿ ದೋಷ ಕಾಣಲಿಲ್ಲ. ಹೊಸ ಟೈರಿನ ಗೀರು ಸುಮಾರು ಎಂಟು ಮಿಲಿಮೀಟರು ಆಳವಿರುತ್ತದೆ, ೧.೬ ಮಿಲಿಮೀಟರಿಗೆ ಇಳಿದರೆ ಅದರ ಆಯುಸ್ಸು ಮುಗಿಯಿತೆಂದು ತೋರಿಸುವ ಗುರುತು ಗೀರಿನ ನಡುವೆಯೇ ಇರುತ್ತದೆ. ಇವುಗಳಲ್ಲಿ ಇನ್ನೂ ಐದು ಮಿಲಿಮೀಟರು ಉಳಿದಿತ್ತು. ತಪ್ಪು ದಾರಿಯದೋ, ಪಾಚಿಯದೋ, ಇಲ್ಲವೆ ತಮ್ಮ ವಯಸ್ಸಿನದೋ ಎಂದು ಡಾಕ್ಟರು ಎರಡು ದಿನ ಕೊರಗಿದರು. ಮೂರನೆಯ ದಿನ ಗಾಳಿ ಹಿಡಿಸುವ ನೆಪದಿಂದ ಟೈರಂಗಡಿಯ ಸಾಹೇಬರ ಬಳಿಗೆ ಹೋದರು.

ಸಾಹೇಬರು ಗೀರುಗಳ ಕಡೆ ನೋಡಲೇ ಇಲ್ಲ. ಟೈರಿನ ಪಕ್ಕೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಒಂದು ಕಡೆ ಬೆರಳಿಟ್ಟರು. ಸಣ್ಣ ಅಂಡಾಕಾರದ ಚೌಕಟ್ಟಿನಲ್ಲಿ ೨೨೧೪ ಎಂಬ ನಾಲ್ಕು ಅಂಕೆಗಳಿದ್ದವು.

“ಹದಿನಾಲ್ಕನೆಯ ಇಸವಿ, ಇಪ್ಪತ್ತೆರಡನೆಯ ವಾರ. ಇದು ಹುಟ್ಟಿ ಒಂಬತ್ತು ವರ್ಷವಾಯಿತು. ಸವೆದಿಲ್ಲ ಡಾಕ್ಟರೆ, ನಿಜ. ಆದರೆ ಸತ್ತಿದೆ” ಎಂದರು.

ಆಮೇಲೆ ಅವರು ವಿವರಿಸಿದ್ದು ಇದು. ರಬ್ಬರು ಬಳಸಿದರೆ ಮಾತ್ರ ಹಾಳಾಗುವ ವಸ್ತುವಲ್ಲ. ಗಾಳಿಯ ಆಮ್ಲಜನಕವೂ ಓಜೋನೂ ಬಿಸಿಲಿನ ಕಾವೂ ಅದನ್ನು ನಿಂತಲ್ಲೇ ಗಟ್ಟಿಮಾಡುತ್ತವೆ. ಇದನ್ನು ತಡೆಯಲೆಂದು ತಯಾರಕರು ರಬ್ಬರಿನೊಳಗೆ ಒಂದು ಬಗೆಯ ಮೇಣವನ್ನೂ ಇತರ ರಾಸಾಯನಿಕಗಳನ್ನೂ ಸೇರಿಸಿರುತ್ತಾರೆ. ಟೈರು ಉರುಳಿ, ಬಾಗಿ, ಬಳುಕಿದಾಗ ಅವು ಮೇಲ್ಮೈಗೆ ಬಂದು ಕಾಪಾಡುತ್ತವೆ. ಬಹುಕಾಲ ನಿಂತೇ ಇರುವ ಕಾರಿಗೆ ಈ ರಕ್ಷಣೆಯೂ ಸರಿಯಾಗಿ ದೊರೆಯದು. ಗಟ್ಟಿಯಾದ ರಬ್ಬರು ಒಣನೆಲದಲ್ಲಿ ಹೇಗೋ ನಡೆಯುತ್ತದೆ. ಒದ್ದೆ ಕಲ್ಲನ್ನು ಮಾತ್ರ ಅಪ್ಪಿ ಹಿಡಿಯಲಾರದು. ಗೀರು ಎಷ್ಟೇ ಉಳಿದಿದ್ದರೂ ಆರು ವರ್ಷವಾದ ಮೇಲೆ ಟೈರನ್ನು ಬದಲಾಯಿಸಬೇಕೆಂದು ಬೆನ್ಸ್ ಸಂಸ್ಥೆಯ ಕೈಪಿಡಿಗಳೇ ಹೇಳುತ್ತವೆ. ಡಾಕ್ಟರ ಕಾರು ಓಡಿದ್ದು ಕಡಮೆಯಾದುದರಿಂದಲೇ ಟೈರು ಸವೆಯಲಿಲ್ಲ. ಸವೆಯದೆ ಇದ್ದುದರಿಂದಲೇ ಅದರ ಮುಪ್ಪು ಯಾರಿಗೂ ಕಾಣಲಿಲ್ಲ.

ಡಾಕ್ಟರು ಮಾತನಾಡಲಿಲ್ಲ. ಮುಖ ಕೆಂಪಗಿದ್ದ ಮಾತ್ರಕ್ಕೆ ಆರೋಗ್ಯವಿದೆಯೆಂದು ತಿಳಿಯಬಾರದು ಎಂದು ನಾಲ್ವತ್ತು ವರ್ಷ ಊರಿಗೆಲ್ಲ ಬುದ್ಧಿ ಹೇಳಿದವರು ಅವರು. ಮಾತಾಡುತ್ತ ನಗುತ್ತ ಬಂದವರನ್ನೂ ನಾಡಿ ಹಿಡಿಯದೆ ಕಳುಹಿಸಿದವರಲ್ಲ. ಅಂಥವರು ಟೈರಿನ ಮುಖವನ್ನು ನೋಡಿ ಒಂಬತ್ತು ವರ್ಷ ನಂಬಿದ್ದರು. ಆ ನಂಬಿಕೆಯ ಮೇಲೆ ಯಾರನ್ನು ಕೂರಿಸಿಕೊಂಡು ಘಾಟಿಯಿಳಿಯುತ್ತಿದ್ದರೆಂಬುದು ಈಗ ಮನಸ್ಸಿಗೆ ಬಂದಿತು.

“ಹೇಗೂ ಸ್ಟೆಪ್ನಿ ಹೊಸದಾಗಿಯೇ ಇದೆ, ಸಾಹೇಬರೆ, ನಾಲ್ಕು ಕೊಂಡರೆ ಸಾಕು” ಎಂದರು. ಡಿಕ್ಕಿಯ ಹಲಗೆಯನ್ನೆತ್ತಿ ಅದನ್ನು ಹೊರಗೆ ತೆಗೆಸಿದರು. ಕಾರಿನ ಜೊತೆಗೆ ಬಂದ ಟೈರದು, ನೆಲ ಮುಟ್ಟಿದ್ದೇ ಇಲ್ಲ. ಅಚ್ಚಿನಿಂದ ಬಂದ ಸಣ್ಣ ರಬ್ಬರು ಮುಳ್ಳುಗಳು ಕೂಡ ಹಾಗೆಯೇ ಇದ್ದವು. ಸಾಹೇಬರು ಅದರ ಪಕ್ಕೆಯನ್ನೂ ಒರೆಸಿದರು. ಅಲ್ಲಿ ಇದ್ದದ್ದು ಮೂರೇ ಅಂಕೆ: ೧೦೬. ಎರಡು ಸಾವಿರದ ಇಸವಿಗೆ ಮುಂಚಿನ ಟೈರುಗಳಿಗೆ ಮೂರೇ ಅಂಕೆ, ಕೊನೆಯದು ವರ್ಷ. ೧೯೯೬ರ ಹತ್ತನೆಯ ವಾರ ಹುಟ್ಟಿದ ಟೈರಿಗೆ ಇಪ್ಪತ್ತೇಳು ತುಂಬಿತ್ತು. ಸಾಹೇಬರು ಮೊಣಕಾಲಿನಿಂದ ಅದರ ಪಕ್ಕೆಯನ್ನು ಅದುಮಿದರು. ಬೇಸಗೆಯ ಕೆರೆಯಂಗಳದಂತೆ ರಬ್ಬರು ಉದ್ದಕ್ಕೂ ಬಿರುಕುಬಿಟ್ಟು ಬಾಯ್ದೆರೆಯಿತು. ಐದರಲ್ಲಿ ಅತ್ಯಂತ ಎಳೆಯದಾಗಿ ಕಂಡದ್ದೇ ಎಲ್ಲಕ್ಕಿಂತ ಹಿರಿಯದು. ಘಾಟಿಯ ನಡುವೆ ಪಂಕ್ಚರು ಆಗಿದ್ದರೆ ಡಾಕ್ಟರು ಸಂತೋಷದಿಂದ ಹಾಕಿಕೊಳ್ಳುತ್ತಿದ್ದುದೂ ಅದೇ.

ಐದು ಟೈರು ಬೇಕೆಂಬುದು ಹೀಗೆ ನಿಶ್ಚಯವಾಯಿತು. ಯಾವುದು ಬೇಕೆಂಬುದು ಉಳಿಯಿತು; ಅದಕ್ಕೆ ಸಲಹೆ ಕೊಡುವವರಿಗೇನೂ ಕೊರತೆಯಿರಲಿಲ್ಲ.

ಬೆಂಗಳೂರಿನ ಮಗ ಫೋನಿನಲ್ಲಿ, “ಅಪ್ಪ, ಆ ಕಾರು ಮಾರಿದರೆ ಬರುವ ಹಣದಲ್ಲಿ ಐದರಲ್ಲೊಂದು ಭಾಗ ಟೈರಿಗೇ ಹೋಗುತ್ತದೆ. ತೀರ ಅಗ್ಗದ್ದು ಯಾವುದಾದರೂ ಹಾಕಿಸಿಬಿಡಿ, ಅದೂ ಎರಡೇ ಸಾಕು, ಮುಂದಕ್ಕೆ” ಎಂದನು. ಸೋದರಳಿಯನ ಮತ ಬೇರೆ. ದೊಡ್ಡ ವ್ಯಾಸದ ಹೊಳೆಯುವ ಚಕ್ರಗಳನ್ನು ಹಾಕಿಸಿ, ಅವುಗಳಿಗೆ ತೆಳುವಾದ ಅಗಲದ ಟೈರು ತೊಡಿಸಿದರೆ ಮುದಿ ಕಾರು ಮದುವಣಿಗನಂತೆ ಕಾಣುವುದೆಂದು ಅವನ ಉತ್ಸಾಹ. ಡಾಕ್ಟರಿಗೆ ಒಳಗೊಳಗೇ ಒಂದು ಆಸೆ: ಕಾರು ಹೊಸದಾಗಿ ಬಂದಾಗ ಇದ್ದ ಪರದೇಶದ ಹೆಸರಿನ ಟೈರೇ, ಎಷ್ಟೇ ಬೆಲೆಯಾದರೂ, ಮತ್ತೆ ಬರಬೇಕೆಂದು.

ಸಾಹೇಬರು ಮೂವರಿಗೂ ಟೈರಿನ ಬರಹದಿಂದಲೇ ಉತ್ತರ ಕೊಟ್ಟರು. ಅದರ ಪಕ್ಕೆಯ ಮೇಲೆ ೧೯೫/೬೫ ಆರ್ ೧೫, ೯೧ ವಿ ಎಂದಿತ್ತು. ೧೯೫ ಎಂಬುದು ಅಗಲದ ಮಿಲಿಮೀಟರುಗಳು. ೬೫ ಎಂದರೆ ಪಕ್ಕೆಯ ಎತ್ತರ ಆ ಅಗಲದ ನೂರಕ್ಕೆ ಅರವತ್ತೈದು ಪಾಲು. ಆರ್ ಎಂದರೆ ರೇಡಿಯಲ್, ಫ್ರಾನ್ಸಿನ ಮಿಶೆಲಿನ್ ಸಂಸ್ಥೆ ೧೯೪೬ರಲ್ಲಿ ಪೇಟೆಂಟು ಪಡೆದ ಕಟ್ಟಡ. ೧೫ ಎಂಬುದು ಚಕ್ರದ ವ್ಯಾಸದ ಅಂಗುಲಗಳು. ೯೧ ಎಂದರೆ ಒಂದೊಂದು ಟೈರೂ ೬೧೫ ಕಿಲೋ ಹೊರಬಲ್ಲದು. ವಿ ಎಂದರೆ ಗಂಟೆಗೆ ೨೪೦ ಕಿಲೋಮೀಟರು ವೇಗವನ್ನು ತಡೆಯಬಲ್ಲದು.

ಪಕ್ಕೆ ತೆಳುವಾದಷ್ಟೂ ಚಕ್ರಕ್ಕೂ ಗುಂಡಿಗೂ ನಡುವಣ ಮೆತ್ತೆ ಕಡಮೆಯಾಗುತ್ತದೆ. ಮಲೆನಾಡಿನ ಮಳೆಗಾಲದ ರಸ್ತೆಯಲ್ಲಿ ಮದುವಣಿಗನ ಬೆಡಗು ಒಂದು ತಿಂಗಳು ಬಾಳದು. ಹಿಂದೆ ಕುಳಿತ ಹೃದ್ರೋಗಿಗೆ ಒಂದೊಂದು ಗುಂಡಿಯೂ ತಿಳಿಯುವುದು. ಅಳತೆ ಬದಲಾದರೆ ವೇಗದ ಮುಳ್ಳೂ ಸುಳ್ಳು ಹೇಳಬಹುದು. ಆದ್ದರಿಂದ ಅಳತೆಯನ್ನು ಮುಟ್ಟಬಾರದು. ಡಾಕ್ಟರು ಎಂಬತ್ತಕ್ಕಿಂತ ಹೆಚ್ಚಿನ ವೇಗದಲ್ಲಿ ಓಡಿಸುವವರಲ್ಲ ನಿಜ. ಆದರೂ ತಯಾರಕರು ಗೊತ್ತುಮಾಡಿದ ಭಾರ ವೇಗಗಳಿಗಿಂತ ಕೆಳಗಿನ ದರ್ಜೆಗೆ ಇಳಿಯುವುದು ವಿವೇಕವಲ್ಲ. ಇನ್ನು ಎರಡೇ ಕೊಳ್ಳುವ ಮಾತು. ಹಾಗೆ ಕೊಂಡರೂ ಹೊಸವು ಹೋಗಬೇಕಾದದ್ದು ಹಿಂದಕ್ಕೇ ಹೊರತು ಮುಂದಕ್ಕಲ್ಲ. ಮುಂದಿನದು ಜಾರಿದರೆ ಕಾರು ನೆಟ್ಟಗೆ ಹೋಗಲು ನೋಡುತ್ತದೆ. ವೇಗ ಇಳಿಸಿದರೆ ಮತ್ತೆ ಹಿಡಿತಕ್ಕೆ ಬರುತ್ತದೆ. ಹಿಂದಿನದು ಜಾರಿದರೆ ಕಾರೇ ಸುತ್ತಿಬಿಡುತ್ತದೆ, ಅದನ್ನು ಹಿಡಿದು ನಿಲ್ಲಿಸುವುದು ನುರಿತವನಿಗೂ ಕಷ್ಟ.

ಕಡೆಯ ಮಾತು ಕೇಳಿ ಡಾಕ್ಟರಿಗೆ ಘಾಟಿಯ ತಿರುವು ಕಣ್ಣಿಗೆ ಕಟ್ಟಿತು. ಅವರು ಮಗನಿಗೆ, “ಟೈರು ಕೊಳ್ಳುವಾಗ ಕಾರಿನ ಬೆಲೆಯನ್ನು ನೋಡುವುದಲ್ಲಪ್ಪ, ಒಳಗೆ ಯಾರು ಕೂರುತ್ತಾರೆಂಬುದನ್ನು ನೋಡಬೇಕು” ಎಂದು ಹೇಳಿ ಫೋನು ಕೆಳಗಿಟ್ಟರು. ತಮ್ಮ ಆಸೆಯನ್ನೂ ಅಲ್ಲಿಯೇ ಕೈಬಿಟ್ಟರು. ಅವರು ಬಯಸಿದ ಪರದೇಶದ ಟೈರು ಅಂಗಡಿಯಲ್ಲಿತ್ತು. ಆದರೆ ಗೋದಾಮಿನಲ್ಲಿ ಎರಡೂವರೆ ವರ್ಷ ಕಳೆದು ಬಂದದ್ದು. ಈ ದೇಶದಲ್ಲಿಯೇ ಆದ, ಅದೇ ಅಳತೆಯ, ಅದೇ ದರ್ಜೆಯ, ಒದ್ದೆ ನೆಲದ ಹಿಡಿತಕ್ಕೂ ಮೆತ್ತನೆಯ ನಡೆಗೂ ಹೆಸರಾದ ಇನ್ನೊಂದಿತ್ತು. ಅದರ ಅಂಕೆ ಎರಡು ತಿಂಗಳ ಹಿಂದಿನದು. ಹೆಸರಿಗಿಂತ ಹುಟ್ಟಿದ ದಿನವೇ ಮುಖ್ಯವೆಂದು ಡಾಕ್ಟರು ಎರಡನೆಯದನ್ನು ಆರಿಸಿದರು. ಐದರ ಅಂಕೆಗಳನ್ನೂ ಕನ್ನಡಕವೇರಿಸಿಕೊಂಡು ತಾವೇ ಓದಿದರು.

ಚಕ್ರಗಳ ತೂಕ ಸರಿಮಾಡಿ, ನೇರ ಹಿಡಿಸಿ, ಗಾಳಿಯ ಬಾಯಿಗಳನ್ನೂ ಹೊಸದು ಮಾಡುವ ಹೊತ್ತಿಗೆ ಸಂಜೆಯಾಯಿತು. ಹೊಸ ಟೈರಿನ ಮೈಮೇಲೆ ಅಚ್ಚಿನ ಜಿಡ್ಡು ಇರುತ್ತದೆ, ಮೊದಲ ಕೆಲವು ನೂರು ಕಿಲೋಮೀಟರು ಮೆಲ್ಲಗೆ ಓಡಿಸಿ ಎಂದು ಸಾಹೇಬರು ಎಚ್ಚರಿಸಿದರು. ಆ ಬಳಿಕ ಹಳೆಯ ಸ್ಟೆಪ್ನಿಯನ್ನು ತೆಗೆದುಕೊಂಡು ಎರಡು ಕಡೆ ಆಳವಾಗಿ ಕೊಯ್ದರು. “ಏಕೆ ಸಾಹೇಬರೆ?” ಎಂದರೆ, “ಇಷ್ಟು ಚೆಲುವಾಗಿದೆ ಡಾಕ್ಟರೆ, ಹಾಗೆಯೇ ಬಿಟ್ಟರೆ ಯಾರೋ ಬಡವ ಕೊಂಡು ಹಾಕಿಕೊಂಡಾನು” ಎಂದರು.

ಅಕ್ಟೋಬರಿನಲ್ಲಿ ಮತ್ತೆ ಮಣಿಪಾಲದ ಪ್ರಯಾಣ ಬಂದಿತು. ಅಷ್ಟರೊಳಗೆ ಡಾಕ್ಟರು ವಾರಕ್ಕೆರಡು ಸಲ ಕಾರನ್ನು ಶೆಡ್ಡಿನಿಂದ ಹೊರತೆಗೆದು ಊರ ಸುತ್ತ ಓಡಿಸಿ ಟೈರುಗಳನ್ನು ಪಳಗಿಸಿದ್ದರು. ಬೆಳಗ್ಗೆ ಗಾಳಿಯನ್ನು ಅಳೆದು ನೋಡಿಯೇ ಹೊರಟರು. ಘಾಟಿಯಲ್ಲಿ ತುಂತುರು ಮಳೆಯಿತ್ತು. ಆ ತಿರುವು ಬಂದಾಗ ಡಾಕ್ಟರು ಬಹಳ ಮುಂಚೆಯೇ ಬ್ರೇಕು ಒತ್ತಿದರು. ಕಾರು ಹಿಂದುಮುಂದೆಲ್ಲ ಒಂದೇ ಮನಸ್ಸಿನಿಂದ ತಿರುಗಿತು. ಹಿಂದಿನ ಸೀಟಿನಿಂದ, “ಈ ಸಲ ಬಾಟಲು ಉರುಳಲಿಲ್ಲ, ಅಲ್ಲವೇ?” ಎಂಬ ಮಾತು ಕೇಳಿಸಿತು. ಡಾಕ್ಟರು ಕನ್ನಡಿಯಲ್ಲಿ ನೋಡಿದರು. ಪತ್ನಿ ಕಣ್ಣು ಮುಚ್ಚಿಕೊಂಡೇ ನಗುತ್ತಿದ್ದರು. ಜುಲೈಯಲ್ಲಿ ಉರುಳಿದ್ದೇನೆಂಬುದು ಆಕೆಗೆ ಅಂದೇ ತಿಳಿದಿತ್ತು. ಗಂಡನಿಗೆ ಗಾಬರಿಯಾದೀತೆಂದು ಹೇಳಿರಲಿಲ್ಲ, ಅಷ್ಟೆ.

ಡಾಕ್ಟರ ಕೈಪುಸ್ತಕದಲ್ಲಿ ಪತ್ನಿಯ ಔಷಧಿಗಳ ಲೆಕ್ಕ ಬರೆಯುವ ಹಾಳೆಯೊಂದುಂಟು. ಆ ರಾತ್ರಿ ಅದರ ಕೆಳಗೆ ಒಂದು ಸಾಲು ಸೇರಿತು: ಟೈರು ಐದು, ಹುಟ್ಟಿದ್ದು ೨೦೨೩ರ ಮೇ, ೨೦೨೯ಕ್ಕೆ ಬದಲಾಯಿಸತಕ್ಕದ್ದು, ನೋಟಕ್ಕೆ ಎಷ್ಟೇ ಚೆನ್ನಾಗಿದ್ದರೂ.