ಬೈಸಿಕಲ್ಲಿನ ಹೊರೆ

ತುಪ್ಪಕ್ಕೆ ಪಾತ್ರೆಯು ಆಧಾರವೋ, ಪಾತ್ರೆಗೆ ತುಪ್ಪವು ಆಧಾರವೋ ಎಂಬ ಸಂಶಯದಲ್ಲಿ ಬಿದ್ದು, ನಿರ್ಣಯಕ್ಕಾಗಿ ಪಾತ್ರೆಯನ್ನು ಬೋರಲು ಹಾಕಿ ನೋಡಿದ ತಾರ್ಕಿಕನ ಕಥೆಯು ಪಾಠಶಾಲೆಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಕೇಳಿದವರೆಲ್ಲರೂ ನಗುವರು. ಆದರೆ ಆಧೇಯದ ಚಿಂತೆಯಲ್ಲಿ ಆಧಾರವನ್ನು ಒಂದು ಸಲವೂ ಮುಟ್ಟಿನೋಡದವರು ಆ ತಾರ್ಕಿಕನಿಗಿಂತ ಹೆಚ್ಚಿನ ಬುದ್ಧಿವಂತರೆಂದು ಹೇಳುವಂತಿಲ್ಲ. ಅವನಾದರೋ ತುಪ್ಪವನ್ನು ಕಳೆದುಕೊಂಡರೂ ಪರೀಕ್ಷೆಯನ್ನು ಮಾಡಿದನು. ಬೈಸಿಕಲ್ಲಿನ ಮೇಲೆ ದೂರಪ್ರಯಾಣ ಹೊರಡುವವನು ಡೇರೆಯ ತೂಕವನ್ನು ವಿಚಾರಿಸುತ್ತಾನೆ, ಹೊದಿಕೆಯ ಬಣ್ಣವನ್ನು ವಿಚಾರಿಸುತ್ತಾನೆ, ಚೀಲದೊಳಕ್ಕೆ ಮಳೆಯ ನೀರು ಇಳಿಯುವುದೋ ಇಲ್ಲವೋ ಎಂಬುದನ್ನೂ ವಿಚಾರಿಸುತ್ತಾನೆ. ಇವೆಲ್ಲವನ್ನೂ ಹೊರತಕ್ಕ ಕ್ಯಾರಿಯರನ್ನು ಮಾತ್ರ, ಅಂಗಡಿಯವನು ಕೊಟ್ಟದ್ದೇ ಸರಿಯೆಂದು ಬಿಗಿಸಿಕೊಂಡು ಬರುತ್ತಾನೆ.

ಚಿಕ್ಕಬಳ್ಳಾಪುರದ ಸೀಮೆಯ ಮಂಡಿಕಲ್ಲಿನ ಕಡೆಯವರು ಪೇರೇಸಂದ್ರದ ಬಳಿಯಲ್ಲಿ ಹೆದ್ದಾರಿಯನ್ನು ಸೇರುವರು. ಮೊದಲು ೭ನೆಯದೆಂದು ಹೆಸರಾಗಿದ್ದ ಆ ರಾಷ್ಟ್ರೀಯ ಹೆದ್ದಾರಿಗೆ ೨೦೧೦ರಲ್ಲಿ ೪೪ ಎಂಬ ಸಂಖ್ಯೆಯು ಬಂದಿತು. ಕಾಶ್ಮೀರದ ಶ್ರೀನಗರದಿಂದ ಕನ್ಯಾಕುಮಾರಿಯವರೆಗೆ ಹಾಸಿರುವ ಈ ದಾರಿಯಲ್ಲಿ, ದೇಶದ ಉದ್ದವನ್ನೆಲ್ಲ ತುಳಿದೇ ಮುಗಿಸುವೆವೆಂದು ಹೊರಟ ತರುಣರು ಹಿಂದಿನ ಚಕ್ರದ ಎರಡು ಪಕ್ಕಗಳಲ್ಲಿಯೂ ಚೀಲಗಳನ್ನು ತೂಗುಬಿಟ್ಟುಕೊಂಡು ಸಾಗುವುದುಂಟು. ಅವರನ್ನು ಕಂಡು ಈ ಸೀಮೆಯ ಹಿರಿಯರಿಗೆ ಆಶ್ಚರ್ಯವೇನೂ ಆಗದು. ಬೈಸಿಕಲ್ಲಿಗೆ ಹೊರೆ ಹೇರುವ ವಿದ್ಯೆಯು ಇಲ್ಲಿಯವರಿಗೆ ಹಳೆಯದು. ಟೆಂಪೊ, ಆಟೋಗಳು ಹಳ್ಳಿಯ ಬಾಗಿಲಿಗೆ ಬರುವುದಕ್ಕೆ ಮುಂಚೆ, ಹಾಲಿನ ಕ್ಯಾನುಗಳೂ ಹಿಪ್ಪುನೇರಳೆಯ ಸೊಪ್ಪಿನ ಹೊರೆಯೂ ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗುವ ರೇಷ್ಮೆಗೂಡಿನ ಚೀಲವೂ ಕ್ಯಾರಿಯರಿನ ಮೇಲೆಯೇ ಪ್ರಯಾಣ ಮಾಡುತ್ತಿದ್ದವು.

ಅವುಗಳಲ್ಲಿ ಗೂಡಿನ ಹೊರೆಯೇ ಕಷ್ಟದ್ದು. ಅದು ಕಣ್ಣಿಗೆ ದೊಡ್ಡದು, ಕೈಗೆ ಹಗುರವಾದದ್ದು. ಒಂದು ಕಿಲೋಗ್ರಾಮಿಗೆ ಐದುನೂರು ಆರುನೂರು ಗೂಡುಗಳು ತೂಗುವುವು. ಒಳಗಿರುವ ಕೋಶವು ಜೀವಂತವಾದದ್ದು. ಹುಳುವು ನೂಲುವುದಕ್ಕೆ ಮೊದಲುಮಾಡಿದ ಹತ್ತು ಹನ್ನೆರಡು ದಿನಗಳಲ್ಲಿ ಅದು ಚಿಟ್ಟೆಯಾಗಿ ಗೂಡನ್ನು ಭೇದಿಸಿಕೊಂಡು ಹೊರಬೀಳುತ್ತದೆ. ತೂತು ಬಿದ್ದ ಗೂಡಿನಿಂದ ಅಖಂಡವಾದ ಎಳೆಯನ್ನು ತೆಗೆಯಲಾಗದು. ಆದುದರಿಂದ ಚಂದ್ರಿಕೆಯಿಂದ ಬಿಡಿಸಿದ ಗೂಡು ತಡಮಾಡದೆ ಮಾರುಕಟ್ಟೆಯನ್ನು ಸೇರಬೇಕು. ದಾರಿಯಲ್ಲಿ ಅದುಮಿದರೆ ಕೋಶವು ಒಡೆದು, ಅದರ ರಸವು ಎಳೆಗೆ ಹತ್ತಿ ಕಲೆಯಾಗುವುದು. ಕೊಳ್ಳುವ ರೀಲರು ಚೀಲದೊಳಕ್ಕೆ ಕೈಯಿಟ್ಟು ಒಂದು ಹಿಡಿ ತೆಗೆದು ನೋಡಿದನೆಂದರೆ, ಆ ಹಿಡಿಯಲ್ಲಿ ಕಂಡ ಕಲೆಯೇ ಇಡೀ ಬೆಳೆಯ ಬೆಲೆಯನ್ನು ನಿರ್ಣಯಿಸುತ್ತದೆ. ಸ್ಥಾಲೀಪುಲಾಕನ್ಯಾಯವೆಂದು ಶಾಸ್ತ್ರಕಾರರು ಹೇಳುವುದು ಇದನ್ನೇ. ಒಂದು ಅಗುಳನ್ನು ಹಿಚುಕಿ ಪಾತ್ರೆಯ ಅನ್ನವೆಲ್ಲ ಬೆಂದಿತೆ ಎಂದು ತಿಳಿಯುವುದು.

ಮಂಡಿಕಲ್ಲಿನ ಕಡೆಯ ಒಬ್ಬ ರೇಷ್ಮೆಯ ರೈತನಿಗೆ ಈ ನ್ಯಾಯವು ಸುಮಾರು ನಲವತ್ತು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಬಹಳ ದುಬಾರಿಯಾಯಿತು. ಅವನ ಬೈಸಿಕಲ್ಲಿನ ಕ್ಯಾರಿಯರು ಆ ಕಾಲದ ಎಲ್ಲ ಬೈಸಿಕಲ್ಲುಗಳಲ್ಲಿದ್ದಂತಹದೇ: ಕಬ್ಬಿಣದ ಸರಳುಗಳ ತಟ್ಟೆ, ಎರಡು ಕಡೆಯೂ ಇಳಿದುಬಂದ ಕಾಲುಗಳು, ಕಾಲಿನ ಕೊನೆಯ ಕಣ್ಣುಗಳನ್ನು ಹಿಂದಿನ ಅಚ್ಚಿಗೆ ತೊಡಿಸಿ ಬಿಗಿದ ನಟ್ಟುಗಳು. ದಾರಿಯ ಇಳಿಜಾರಿನಲ್ಲಿ ಎಡಗಾಲು ಕಣ್ಣಿನ ಬಳಿ ಕಳಚಿತು. ಚೀಲವು ಓರೆಯಾಗಿ ಚಕ್ರಕ್ಕೆ ತಗುಲಿತು; ಕಡ್ಡಿಗಳು ಅದನ್ನು ಸೀಳಿದವು; ಗೂಡು ರಸ್ತೆಗೆ ಚೆಲ್ಲಿತು. ಬಳಿದು ತುಂಬಿಕೊಂಡದ್ದು ಮಾರುಕಟ್ಟೆಗೇನೋ ಹೋಯಿತು. ಆದರೆ ಅಂದು ಬಂದ ಹಣವು ಹುಳುವಿನ ಮೊಟ್ಟೆಗೂ ಸೊಪ್ಪಿಗೂ ಮಾಡಿದ ಸಾಲಕ್ಕೆ ಸರಿಹೋಯಿತು. ಆ ಬೆಳೆಯಿಂದ ಬಿಡಿಸಿ ತರುವೆನೆಂದು ಹೆಂಡತಿಗೆ ಮಾತು ಕೊಟ್ಟಿದ್ದ ಓಲೆಯ ಜೊತೆಯು ಸಾಹುಕಾರನ ಪೆಟ್ಟಿಗೆಯಲ್ಲಿಯೇ ಉಳಿಯಿತು. ಅವನು ಮನೆಯಲ್ಲಿ ರಸ್ತೆಯ ಗುಂಡಿಯನ್ನು ಬೈದನು, ಕಬ್ಬಿಣವನ್ನು ಬೈದನು. ಮತ್ತೊಂದು ಸಂಗತಿಯನ್ನು ಮಾತ್ರ ಯಾರೊಡನೆಯೂ ಹೇಳಲಿಲ್ಲ.

ಕಾಲಾನಂತರದಲ್ಲಿ ಅವನ ಕಿರಿಯ ಮಗನು, ಕಾಲೇಜಿನ ಓದು ಮುಗಿದ ವರ್ಷದಲ್ಲಿ, ಬೈಸಿಕಲ್ಲಿನ ಮೇಲೆ ಕನ್ಯಾಕುಮಾರಿಗೆ ಹೋಗಿಬರುವೆನೆಂದು ನಿಶ್ಚಯಿಸಿದನು. ಹೊಸೂರು, ಕೃಷ್ಣಗಿರಿ, ಸೇಲಂ, ಮಧುರೆ, ತಿರುನೆಲ್ವೇಲಿಗಳ ಮೇಲೆ ಏಳುನೂರಕ್ಕೂ ಮಿಕ್ಕ ಕಿಲೋಮೀಟರು. ತಾಯಿಯು ಊಟದ ಚಿಂತೆಯನ್ನು ಆಡಿದಳು. ತಂದೆಯು ಸುಮ್ಮನಿದ್ದನು. ಮಗನು ಬೆಂಗಳೂರಿಗೆ ಹೋಗಿ, ಬೆಳ್ಳಿಯಂತೆ ಹೊಳೆಯುವ ಅಲ್ಯೂಮಿನಿಯಮ್ಮಿನ ಕ್ಯಾರಿಯರೊಂದನ್ನು ತಂದು ಜಗಲಿಯ ಮೇಲಿಟ್ಟು, ಅದರ ಮೇಲೆ ಅಚ್ಚೊತ್ತಿದ್ದ "೨೫ ಕಿಲೋ" ಎಂಬುದನ್ನು ತೋರಿಸಿದನು.

ತಂದೆಯು ಅದನ್ನು ಒಂದು ಬೆರಳಿನಿಂದ ಎತ್ತಿ, ಅಡ್ಡಲಾಗಿ ಅಲುಗಿಸಿ, "ಇದು ನಿಂತ ಸೈಕಲ್ಲಿನ ಲೆಕ್ಕ ಕಣಪ್ಪಾ. ಓಡುವ ಸೈಕಲ್ಲಿನ ಲೆಕ್ಕ ಯಾವುದು?" ಎಂದನು.

ಅಚ್ಚೊತ್ತಿದ ಅಂಕೆಯೇನೂ ಸುಳ್ಳಲ್ಲ. ತಯಾರಕರು ಪರೀಕ್ಷಿಸಿಯೇ ಅದನ್ನು ಹಾಕಿರುತ್ತಾರೆ. ಆದರೂ ರೈತನ ಪ್ರಶ್ನೆಯಲ್ಲಿ ಸಾರವಿದ್ದಿತು. ಕ್ಯಾರಿಯರು ಮುರಿಯುವುದು ಭಾರದಿಂದಲ್ಲ, ಅಲುಗಾಟದಿಂದ. ಗುಂಡಿಯಲ್ಲಿ ಚಕ್ರವು ಇಳಿದು ಎದ್ದಾಗಲೆಲ್ಲ ಹತ್ತು ಕಿಲೋಗ್ರಾಮಿನ ಹೊರೆಯು ಅದರ ಹಲವು ಮಡಿಯ ಬಲದಿಂದ ಕಾಲುಗಳನ್ನು ತುಳಿಯುತ್ತದೆ. ಪೆಡಲನ್ನು ಒತ್ತಿದಾಗಲೆಲ್ಲ ಎಡಕ್ಕೂ ಬಲಕ್ಕೂ ತೂಗುತ್ತದೆ. ಉಕ್ಕಿಗೆ ಒಂದು ಮಿತಿಯುಂಟು; ಆ ಮಿತಿಯೊಳಗಿನ ಅಲುಗಾಟವನ್ನು ಅದು ಲಕ್ಷೋಪಲಕ್ಷ ಸಲ ತಡೆದುಕೊಳ್ಳಬಲ್ಲುದು. ಅಲ್ಯೂಮಿನಿಯಮ್ಮಿಗೆ ಅಂತಹ ಸ್ಪಷ್ಟವಾದ ಮಿತಿಯಿಲ್ಲ. ಸಣ್ಣ ಅಲುಗಾಟವೂ ಒಳಗೆ ಲೆಕ್ಕವಿಡುತ್ತಾ ಹೋಗುತ್ತದೆ. ಹಾಗೆಂದು ಅಲ್ಯೂಮಿನಿಯಮ್ಮೆಲ್ಲವೂ ಹೇಯವೆಂದಲ್ಲ. ಉಕ್ಕಿನ ಮೂರನೆಯ ಒಂದು ಪಾಲು ತೂಗುವ ಆ ಲೋಹವನ್ನು ದಪ್ಪನಾದ ಸರಳಾಗಿ ಮಾಡಿ, ಕೀಲುಗಳನ್ನು ಚೆನ್ನಾಗಿ ಬೆಸೆದರೆ, ಅದು ಬಹುದೂರ ಹೋಗಿಬರುತ್ತದೆ. ೧೯೭೫ರಿಂದ ಅಮೆರಿಕದ ಜಿಮ್ ಬ್ಲಾಕ್‌ಬರ್ನ್ ಎಂಬಾತನು ಮಾಡಿಸಿದ ಕ್ಯಾರಿಯರುಗಳು ಆ ಲೋಹದಿಂದಲೇ ಹೆಸರು ಪಡೆದವು. ಜರ್ಮನಿಯಲ್ಲಿ ೧೯೮೮ರಲ್ಲಿ ಮೊದಲಾದ ಟ್ಯೂಬಸ್ ಎಂಬ ಸಂಸ್ಥೆಯವರು ಕ್ರೋಮಿಯಮ್ಮು ಬೆರೆತ ಉಕ್ಕಿನ ಟೊಳ್ಳು ಕೊಳವೆಗಳನ್ನು ಆರಿಸಿಕೊಂಡರು. ಲೋಹವು ಯಾವುದೇ ಆಗಲಿ, ಮುರಿದಾಗ ಏನಾಗುವುದೆಂಬ ಪ್ರಶ್ನೆಯು ಉಳಿಯುತ್ತದೆ. ಅಲ್ಯೂಮಿನಿಯಮ್ಮನ್ನು ಬೆಸೆಯಲು ಆರ್ಗಾನ್ ಅನಿಲವೂ ನುರಿತ ಕೈಯೂ ಬೇಕು. ಉಕ್ಕಿಗಾದರೋ ನೇಗಿಲನ್ನು ಸರಿಮಾಡುವ ಹಳ್ಳಿಯ ವೆಲ್ಡಿಂಗ್ ಅಂಗಡಿಯೇ ಸಾಕು. ತೆಳುವಾದ ಕೊಳವೆಯಾದರೆ ಮಾತ್ರ, ತೂತು ಬೀಳದಂತೆ ವಿದ್ಯುತ್ತಿನ ಬಿಸಿಯನ್ನು ತಗ್ಗಿಸಬೇಕೆಂದು ಹೇಳಿ ಮಾಡಿಸಬೇಕು.

ಮಗನು ಸುಲಭವಾಗಿ ಒಪ್ಪಲಿಲ್ಲ. ಹಿಂದಿನವರು ಇಷ್ಟೊಂದು ಯೋಚಿಸಿಯೇ ಹೊರಟರೇ ಎಂದು ಅವನ ವಾದ. ಅವನು ಓದಿಕೊಂಡಿದ್ದನು: ೧೮೮೪ರಲ್ಲಿ ಸಾನ್‌ಫ್ರಾನ್ಸಿಸ್ಕೋದಿಂದ ದೊಡ್ಡ ಚಕ್ರದ ಗಾಡಿಯ ಮೇಲೆ ಹೊರಟ ಥಾಮಸ್ ಸ್ಟೀವನ್ಸನು ಕಾಲುಚೀಲ, ಒಂದು ಮೇಲಂಗಿ, ಡೇರೆಯಾಗಿಯೂ ಒದಗುವ ಒಂದು ಮಳೆಯಂಗಿ, ಇಷ್ಟರಿಂದಲೇ ಲೋಕವನ್ನು ಸುತ್ತತೊಡಗಿ ೧೮೮೬ರಲ್ಲಿ ಜಪಾನಿನ ಯೊಕೊಹಾಮವನ್ನು ಸೇರಿದನು. ೧೯೨೩ರ ಅಕ್ಟೋಬರಿನಲ್ಲಿ ಮುಂಬಯಿಯಿಂದ ಆರು ಮಂದಿ ಪಾರ್ಸೀ ತರುಣರು ಹೊರಟರು. ಅವರಲ್ಲಿ ಆದಿ ಹಕೀಮ್, ಜಾಲ್ ಬಾಪಸೋಲಾ, ರುಸ್ತುಮ್ ಭೂಮ್‌ಗರಾ ಎಂಬ ಮೂವರು ಸುಮಾರು ೪೪,೦೦೦ ಮೈಲಿಗಳನ್ನು ಕ್ರಮಿಸಿ ೧೯೨೮ರ ಮಾರ್ಚಿಯಲ್ಲಿ ಹಿಂದಿರುಗಿದರು. ಇಂತಹವರ ಮುಂದೆ ಕನ್ಯಾಕುಮಾರಿಯು ಎಷ್ಟರ ದೂರ?

"ಮಳೆಯಂಗಿಯೇ ಡೇರೆಯಾಯಿತೆಂದರೆ ಆತ ಜಾಣ. ನಿನ್ನ ಚೀಲದಲ್ಲಿ ಎರಡು ಕೆಲಸ ಮಾಡುವ ಸಾಮಾನು ಎಷ್ಟಿದೆ ಮಗಾ?" ಎಂದು ತಂದೆಯು ಕೇಳಿದನು. ಮಗನು ನಿರುತ್ತರನಾದನು.

ಆಗ ತಂದೆಯು, ನಲವತ್ತು ವರ್ಷ ಹೇಳದಿದ್ದುದನ್ನು ಹೇಳಿದನು. ಗೂಡು ಚೆಲ್ಲಿದ ದಿನಕ್ಕೆ ಎರಡು ದಿನ ಮುಂಚೆಯೇ ಕ್ಯಾರಿಯರಿನ ಎಡಗಾಲಿನಲ್ಲಿ, ಬೆಸುಗೆಯ ಪಕ್ಕದಲ್ಲಿ, ಕೂದಲಿನಷ್ಟು ಸಣ್ಣದಾದ ತುಕ್ಕಿನ ಗೆರೆಯನ್ನು ಅವನು ಕಂಡಿದ್ದನು. ವೆಲ್ಡಿಂಗ್ ಅಂಗಡಿಗೆ ಹೋದರೆ ಅರ್ಧ ದಿನ ಹೋಗುವುದೆಂದು ಹಗ್ಗದಿಂದ ಸುತ್ತಿ ಕಟ್ಟಿ, ಈ ಬೆಳೆ ಕಳೆಯಲಿ ಎಂದುಕೊಂಡಿದ್ದನು. "ಕಬ್ಬಿಣ ನನಗೆ ಮೊದಲೇ ಹೇಳಿತ್ತು. ನಾನೇ ಕೇಳಲಿಲ್ಲ" ಎಂದನು. ಒಳಗೆ ಪಾತ್ರೆಯನ್ನು ಉಜ್ಜುತ್ತಿದ್ದ ತಾಯಿಯ ಕೈ ಕ್ಷಣಕಾಲ ನಿಂತಿತು. ಅನಂತರ ಮೊದಲಿನಂತೆಯೇ ಕೆಲಸ ನಡೆಯಿತು. ಆ ಓಲೆಯ ಮಾತನ್ನು ಯಾರೂ ಎತ್ತಲಿಲ್ಲ.

ಮಾರನೆಯ ದಿನ ತಂದೆಯೂ ಮಗನೂ ಜೊತೆಯಾಗಿಯೇ ಬೆಂಗಳೂರಿಗೆ ಹೋದರು. ತಂದೆಯ ಹಳೆಯ ಹಾಲಿನವರ ಮಾದರಿಯ ಕ್ಯಾರಿಯರು ಹೊಸ ಬೈಸಿಕಲ್ಲಿಗೆ ಕೂಡಲಿಲ್ಲ. ಕೂಡಿದ್ದರೂ ಅದರ ತೂಕವನ್ನೇ ಹೊತ್ತು ಹೋದಂತಾಗುತ್ತಿದ್ದಿತು. ಆಸನದ ಕಂಬವೊಂದನ್ನೇ ಹಿಡಿದು ಹಿಂದಕ್ಕೆ ಚಾಚುವ ಕ್ಯಾರಿಯರನ್ನು ಇಬ್ಬರೂ ಒಂದೇ ನೋಟಕ್ಕೆ ಬಿಟ್ಟರು. ಅದು ಒಂದು ಮಳೆಯಂಗಿಗೆ ಸಾಕು, ಪ್ರಯಾಣಕ್ಕಲ್ಲ. ಕೊನೆಗೆ ಹತ್ತು ಮಿಲಿಮೀಟರು ದಪ್ಪದ ಉಕ್ಕಿನ ಕೊಳವೆಯದನ್ನು ಆರಿಸಿದರು. ಅದರ ಕಾಲುಗಳು ಪ್ರತಿಯೊಂದು ಪಕ್ಕದಲ್ಲಿಯೂ ತ್ರಿಕೋನಾಕಾರವಾಗಿ ಕೂಡಿದ್ದವು. ತ್ರಿಕೋನವಿದ್ದೆಡೆ ತೂಗಾಟವು ಕಡಮೆ. ಚೀಲವನ್ನು ತಟ್ಟೆಯ ಮೇಲೆ ಪೇರಿಸದೆ ಪಕ್ಕದಲ್ಲಿ ತಗ್ಗಾಗಿ ತೂಗಿಸಲು ಕೆಳಗೊಂದು ಅಡ್ಡಸರಳೂ ಇದ್ದಿತು. ತಟ್ಟೆಯು ಸಾಕಷ್ಟು ಹಿಂದಕ್ಕೆ ಚಾಚಿದ್ದುದರಿಂದ, ತುಳಿಯುವಾಗ ಹಿಮ್ಮಡಿಯು ಚೀಲಕ್ಕೆ ಬಡಿಯುತ್ತಿರಲಿಲ್ಲ. ಚೌಕಟ್ಟಿನ ಕಣ್ಣುಗಳಿಗೆ ಬೋಲ್ಟು ನೇರವಾಗಿ ಕೂರುವುದೇ ಎಂದು ಅಂಗಡಿಯಲ್ಲಿಯೇ ಕೂಡಿಸಿ ನೋಡಿದರು. ಪಟ್ಟಿಯನ್ನು ಸುತ್ತಿ ಬಿಗಿಯುವ ಉಪಾಯವೂ ಉಂಟು. ಆದರೆ ಪಟ್ಟಿಯು ಜಾರಬಹುದು, ಕಣ್ಣು ಜಾರದು.

ಕೊಂಡುತಂದ ಮಾತ್ರಕ್ಕೆ ಪರೀಕ್ಷೆಯು ಮುಗಿಯಲಿಲ್ಲ. ಒಂದು ಅಗುಳನ್ನು ಹಿಚುಕುವ ನ್ಯಾಯವು ಅನ್ನಕ್ಕೆ ಸಲ್ಲುವುದು, ಕ್ಯಾರಿಯರಿಗೆ ಸಲ್ಲದು. ಒಂದು ಕೀಲು ಗಟ್ಟಿಯಾಗಿದ್ದರೆ ಮತ್ತೊಂದೂ ಹಾಗೆಯೇ ಇರಬೇಕೆಂಬ ನಿಯಮವಿಲ್ಲ. ಎರಡು ಚೀಲಗಳಿಗೆ ಒಟ್ಟು ಹದಿನೆಂಟು ಕಿಲೋಗ್ರಾಂ ರಾಗಿಯನ್ನು ಸಮನಾಗಿ ತುಂಬಿ, ಮಗನು ನಾಲ್ಕು ದಿನ ಹೊಲದ ದಾರಿಗಳಲ್ಲಿ ಬೈಸಿಕಲ್ಲನ್ನು ಓಡಿಸಿದನು. ಪ್ರತಿದಿನ ಸಂಜೆಯೂ ತಂದೆಯು ಕುಳಿತು ಕೀಲುಕೀಲನ್ನೂ ಬೆರಳಿನಿಂದ ಸವರುತ್ತಿದ್ದನು. ಮೂರನೆಯ ಸಂಜೆ ಬಲಗಡೆಯ ಕೆಳಬೋಲ್ಟು ಕಾಲು ಸುತ್ತು ಸಡಿಲವಾಗಿದ್ದುದು ಸಿಕ್ಕಿತು. ಬೋಲ್ಟು ತುಂಡಾಗುವುದು ಬಹುಮಟ್ಟಿಗೆ ಸಡಿಲಿನಿಂದಲೇ. ಬಿಗಿಯಾಗಿರುವಾಗ ಭಾರವನ್ನು ಚೌಕಟ್ಟಿಗೆ ಒಪ್ಪಿಸುವುದು, ಸಡಿಲಾದಾಗ ಎಲ್ಲ ಪೆಟ್ಟನ್ನೂ ತಾನೇ ತಿನ್ನುವುದು. ಸ್ಪ್ರಿಂಗ್ ವಾಷರನ್ನೂ ನೈಲಾನು ಕೂಡಿಸಿದ ನಟ್ಟನ್ನೂ ಹಾಕಿದ ಮೇಲೆ ಅದು ಮತ್ತೆ ಅಲುಗಲಿಲ್ಲ. ಅದೇ ಅಳತೆಯ ನಾಲ್ಕು ಬೋಲ್ಟುಗಳು ಒಂದು ಬಟ್ಟೆಯ ಗಂಟಿನಲ್ಲಿ ಚೀಲವನ್ನು ಸೇರಿದವು. ನಾಲ್ಕು ದಿನ ರಾಗಿಯನ್ನು ತುಳಿದ ಮೇಲೆ ಮಗನು ತನ್ನ ಸಾಮಾನನ್ನು ತಾನೇ ಮತ್ತೊಮ್ಮೆ ಹರಡಿಕೊಂಡು, ಮೂರನೆಯ ಒಂದು ಪಾಲನ್ನು ಮನೆಯಲ್ಲಿಯೇ ಬಿಟ್ಟನು.

ಪೇರೇಸಂದ್ರದವರೆಗೆ ಹೋಗಿ ಕಳುಹಿಸಿಬಂದ ತಂದೆಯು ಪ್ರತಿರಾತ್ರಿಯೂ ದೂರವಾಣಿಯಲ್ಲಿ ಮಗನನ್ನು ಮಾತನಾಡಿಸುತ್ತಿದ್ದನು. ಉಂಡೆಯಾ, ಎಲ್ಲಿ ಮಲಗುವೆ ಎಂಬುದು ತಾಯಿಯ ಪ್ರಶ್ನೆ. ತಂದೆಯದು ಒಂದೇ: "ಬೋಲ್ಟು ನೋಡಿದೆಯಾ?" ಧರ್ಮಪುರಿಯನ್ನು ಬಿಟ್ಟ ಮೇಲೆ ಸಿಕ್ಕುವ ತೊಪ್ಪೂರು ಘಟ್ಟದ ಕಡಿದಾದ ಇಳಿಜಾರಿಗೆ ಮುಂಚೆ ನಿಂತು ನೋಡಿದೆನೆಂದು ಒಂದು ರಾತ್ರಿ ಉತ್ತರ ಬಂದಿತು, ಮಧುರೆಯಲ್ಲಿ ನೋಡಿದೆನೆಂದು ಮತ್ತೊಂದು ರಾತ್ರಿ. ಕನ್ಯಾಕುಮಾರಿಯನ್ನು ಸೇರಿದ ದಿನವೂ ಅದೇ ಪ್ರಶ್ನೆಯು ಬರಲು, ಮಗನು ನಗುತ್ತಾ, "ಸಮುದ್ರದ ದಡಕ್ಕೇ ಬಂದಾಯಿತಲ್ಲ ಅಪ್ಪಾ, ಇನ್ನೇನು ನೋಡುವುದು?" ಎಂದನು.

"ತಿರುಗಿ ಬರಬೇಕಲ್ಲ ಮಗಾ" ಎಂದನು ತಂದೆ.